ನಮ್ಮ ಬೀಟಿನ ತಿಂಗಳ ಲೆಕ್ಕ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಅರಳಿಕಟ್ಟೆ ಇದೆ. ಅದರ ಪಕ್ಕದ ಕರೆಂಟ್ ಕಂಬಕ್ಕೆ ಯಾರೋ ತಂತಿ ಸುತ್ತಿ ಒಂದು ತಗಡಿನ ಡಬ್ಬ ಕಟ್ಟಿದ್ದಾರೆ. ಆರು ವರ್ಷ ಅದರ ಮುಂದೆ ದಿನಕ್ಕೆ ನಾಲ್ಕು ಸಲ ಸ್ಕೂಟಿಯಲ್ಲಿ ಓಡಾಡಿದ್ದೇನೆ. ಕೆಇಬಿಯವರದೇನೋ ಇರಬೇಕು ಅಂದುಕೊಂಡಿದ್ದೆ. ಅದು ಪೊಲೀಸರ ಬೀಟ್ ಪುಸ್ತಕ, ಅಂದರೆ ರಾತ್ರಿ ಗಸ್ತಿನವರು ಸಹಿ ಹಾಕುವ ಪುಸ್ತಕ, ಇಡುವ ಡಬ್ಬ ಅಂತ ಗೊತ್ತಾಗಿದ್ದು ನಮ್ಮ ಮನೆ ಕಳುವಾದ ಮೇಲೆ.

ನಾನಿರುವುದು ಮಂಡ್ಯದ ಕಲ್ಲಹಳ್ಳಿ ಆಚೆಗಿನ ಒಂದು ಬಡಾವಣೆಯಲ್ಲಿ. ಪಕ್ಕದ ಹಳ್ಳಿಯ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ ಕೆಲಸ. ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಕ್ಯಾನಿನ ಮುಂದೆ ಕೂತು ಯಾರದು ಎಷ್ಟು ಲೀಟರ್, ಫ್ಯಾಟ್ ಎಷ್ಟು ಅಂತ ಬರೆಯುವುದು, ಬಟವಾಡೆ ದಿನ ಎಲ್ಲರಿಗೂ ಲೆಕ್ಕ ಒಪ್ಪಿಸುವುದು ನನ್ನ ಬದುಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಪೊಲೀಸರ ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದ ಮಾತು ಬಂದದ್ದು ಈ ಕೆಲಸದಿಂದಲೇ.

2024ರ ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ. ಪಕ್ಷಕ್ಕೆ ಎಡೆ ಇಡಲು ಮನೆಗೆ ಬೀಗ ಹಾಕಿ ಎಲ್ಲರೂ ನಾಗಮಂಗಲದ ಕಡೆಯ ನಮ್ಮೂರಿಗೆ ಹೋಗಿದ್ದೆವು. ಅತ್ತೆಯವರು ಸಾಮಾನ್ಯವಾಗಿ ಮನೆಯಲ್ಲೇ ಉಳಿಯುತ್ತಾರೆ. ಅವತ್ತು ಅವರನ್ನೂ ಕರಕೊಂಡು ಹೋದೆವು. ಮಾರನೆಯ ದಿನ ಹತ್ತು ಗಂಟೆಗೆ ಬಂದರೆ ಗೇಟಿಗೆ ಹಾಕಿದ್ದ ಬೀಗ ಹಾಗೇ ಇದೆ, ಮುಂಬಾಗಿಲ ಕೊಂಡಿ ಮೀಟಿದೆ. ಬೀರು ಬಾಯಿ ತೆರೆದು ನಿಂತಿತ್ತು. ಮಗಳ ಮದುವೆಗೆ ಅಂತ ಒಂದೊಂದೇ ಗ್ರಾಂ ಕೂಡಿಸಿ ಮಾಡಿಸಿದ್ದ ಎರಡೆಳೆ ಸರ, ಅತ್ತೆಯವರ ಜುಮುಕಿ, ಒಂದು ಜೊತೆ ಬೆಳ್ಳಿ ದೀಪ ಹೋಗಿದ್ದವು. ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದ ದುಡ್ಡನ್ನೂ ಬಿಟ್ಟಿರಲಿಲ್ಲ. ಅಕ್ಕಿಯನ್ನು ಹಾಸಿಗೆ ಮೇಲೆ ಸುರಿದಿದ್ದರು. ಆ ಅಕ್ಕಿ ನೋಡಿದಾಗ ನನಗಾದ ಸಂಕಟ ಖಾಲಿ ಬೀರು ನೋಡಿದಾಗ ಆಗಲಿಲ್ಲ.

ಯಜಮಾನರು 112ಕ್ಕೆ ಫೋನ್ ಮಾಡಿದರು. ಗಾಡಿ ಬೇಗ ಬಂತು. ಏನನ್ನೂ ಮುಟ್ಟಬೇಡಿ ಅಂದರು. ನಾನು ಆಗಲೇ ಅರ್ಧ ಅಕ್ಕಿ ಬಳಿದು ಪಾತ್ರೆಗೆ ತುಂಬಿದ್ದೆ, ಆ ಹಾಸಿಗೆ ಮೇಲೆ ಏನಾದರೂ ಸಿಗುತ್ತಿತ್ತೋ ಏನೋ. ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಆದರೆ ದಯವಿಟ್ಟು ಬಾಗಿಲಲ್ಲೇ ನಿಲ್ಲಿ. ಮಧ್ಯಾಹ್ನ ಬೆರಳಚ್ಚಿನವರು ಬಂದು ಬೀರಿನ ಬಾಗಿಲಿಗೆಲ್ಲ ಬೂದು ಬಣ್ಣದ ಪುಡಿ ಹಚ್ಚಿದರು. ಶ್ವಾನದಳದ ನಾಯಿ ಹಿತ್ತಲು ದಾಟಿ ದೊಡ್ಡ ರಸ್ತೆವರೆಗೆ ಹೋಗಿ ನಿಂತುಬಿಟ್ಟಿತು. ಎದುರು ಮನೆಯವರನ್ನೂ ಮೂಲೆ ಮನೆ ಮೇಷ್ಟ್ರನ್ನೂ ಪಂಚರಾಗಿ ನಿಲ್ಲಿಸಿಕೊಂಡು ಮಹಜರು ಬರೆದರು.

ಠಾಣೆಯ ಹೆಸರು ಬೇಡ. ಒಳಗೆ ಕೂತಿದ್ದ, ದೂರು ಬರೆದುಕೊಳ್ಳುವ ರೈಟರ್ ಮೊದಲು, "ಒಡವೆ ಬಿಲ್ಲೆಲ್ಲ ಜೋಡಿಸ್ಕೊಂಡು ನಾಳೆ ಬನ್ನಿ, ಆಮೇಲೆ ಕಂಪ್ಲೇಂಟ್ ತಗೊಳ್ಳೋಣ" ಅಂದರು. ನಮ್ಮ ಭಾವನ ಮಗ ವಕೀಲಿಕೆ ಓದುತ್ತಿರುವ ಹುಡುಗ, ಜೊತೆಗೆ ಬಂದಿದ್ದ. ಬಿಲ್ಲು ಆಮೇಲೂ ಕೊಡಬಹುದು, ದೂರು ಈಗಲೇ ತೆಗೆದುಕೊಳ್ಳಿ ಸಾರ್ ಅಂತ ಮೆಲ್ಲಗೆ ಹೇಳಿದ. ಸಬ್ ಇನ್‌ಸ್ಪೆಕ್ಟರ್ ಬಂದ ಮೇಲೆ ಕೆಲಸ ಸರಾಗವಾಯಿತು. ಸಂಜೆಗೆ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್ ಆಯಿತು, ಭಾರತೀಯ ನ್ಯಾಯ ಸಂಹಿತೆಯ 331(4) ಮತ್ತು 305 ಅಂತ ಕಲಂ ಹಾಕಿದರು. ರಾತ್ರಿ ಮನೆ ಒಡೆದು ನುಗ್ಗಿದ್ದಕ್ಕೆ ಒಂದು, ವಾಸದ ಮನೆಯಲ್ಲಿ ಕದ್ದಿದ್ದಕ್ಕೆ ಇನ್ನೊಂದು. ಅದರ ಪ್ರತಿ ದೂರು ಕೊಟ್ಟವರಿಗೆ ಉಚಿತ, ಅದು ಕಾನೂನಿನಲ್ಲೇ ಇದೆ. ನಾನು ಕೇಳಿ ತೆಗೆದುಕೊಂಡೆ.

ಅಲ್ಲಿ ಕಾಯುತ್ತಾ ಕೂತಿದ್ದಾಗ ಪಕ್ಕದ ಬೆಂಚಿನಲ್ಲಿ ಒಬ್ಬರು ಹಿರಿಯರು ಇದ್ದರು. ಪಂಚೆ, ಹೆಗಲ ಮೇಲೆ ಟವೆಲ್.

"ನಿಮ್ದೂ ಕಳ್ತನವೇನವ್ವ?"

"ಹೂಂ ಅಣ್ಣ, ನೆನ್ನೆ ರಾತ್ರಿ."

"ನಮ್ದು ಗೌರಿ ಹಬ್ಬದ ಮಾರನೇ ದಿನ ಆಯ್ತು ಕನವ್ವ. ಹಿಂಗೇ. ಕೊಂಡಿ ಮೀಟವ್ರೆ. ಇವತ್ತು ಏನಾಯ್ತು ಅಂತ ಕೇಳಕ್ಕೆ ಬಂದೆ."

ಎಲ್ಲಿ ಮನೆ ಅಂತ ಕೇಳಿದೆ. ನಮ್ಮಿಂದ ಮೂರನೇ ಕ್ರಾಸು. ನಡೆದರೆ ಐದು ನಿಮಿಷದ ದಾರಿ. ಅವರ ಹಿಂದಿನ ಬೀದಿಯಲ್ಲಿ ಅದಕ್ಕೂ ಮೊದಲು ಇನ್ನೊಂದು ಮನೆ ಹೋಗಿತ್ತಂತೆ.

ನನಗೆ ಕೈಕಾಲು ತಣ್ಣಗಾಯಿತು. ಹೆಚ್ಚುಕಮ್ಮಿ ಒಂದು ತಿಂಗಳ ಹಿಂದೆ ಐದು ನಿಮಿಷದ ದೂರದಲ್ಲಿ ಬೀಗ ಹಾಕಿದ ಮನೆಯ ಕೊಂಡಿ ಮೀಟಿದ್ದಾರೆ ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಅತ್ತೆಯವರನ್ನು ಮನೆಯಲ್ಲಿ ಬಿಟ್ಟು, ಜೊತೆಗೆ ಮಲಗಲು ನಮ್ಮ ತಮ್ಮನ ಹುಡುಗನನ್ನು ಕರೆಸುತ್ತಿದ್ದೆ. ಸರವನ್ನು ಬ್ಯಾಂಕಿನಲ್ಲಿಡುತ್ತಿದ್ದೆ. ಪೊಲೀಸರಿಗೆ ಗೊತ್ತಿತ್ತು, ಕಳೆದುಕೊಂಡವರಿಗೆ ಗೊತ್ತಿತ್ತು, ಕಳ್ಳನಿಗಂತೂ ಗೊತ್ತೇ ಇತ್ತು. ಗೊತ್ತಿಲ್ಲದೆ ಇದ್ದವರು ಮುಂದಿನ ಸರದಿಯ ನಾವು. ಕಳುವಾದ ಒಡವೆಗಿಂತ ಈ ಸಂಗತಿಯೇ ನನ್ನನ್ನು ಆ ವರ್ಷವೆಲ್ಲ ಕೊರೆಯಿತು.

ಹೇಳಬೇಕಾದವರು ಹೇಳದಿದ್ದಾಗ ಆ ಜಾಗಕ್ಕೆ ಗಾಳಿಮಾತು ಬಂದು ಕೂರುತ್ತದೆ. ಅದನ್ನೂ ಕಣ್ಣಾರೆ ನೋಡಿದೆ. ನಮ್ಮ ಮನೆ ಸುದ್ದಿ ಹಬ್ಬಿದ ಮೇಲೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಧ್ವನಿ ಸಂದೇಶ. ಕೈಯಲ್ಲಿ ಮಚ್ಚು ಹಿಡಿದ ಹನ್ನೆರಡು ಜನರ ತಂಡ ಬಂದಿದೆ, ರಾತ್ರಿ ಮಗು ಅಳುವ ಸದ್ದು ಮಾಡಿ ಬಾಗಿಲು ತೆಗೆಸುತ್ತಾರೆ, ರಗ್ಗು ಮಾರುವವರ ವೇಷದಲ್ಲಿ ಮನೆ ನೋಡಿಕೊಂಡು ಹೋಗುತ್ತಾರೆ. ಯಾವ ಊರಿನದೋ, ಯಾವ ವರ್ಷದ್ದೋ, ಯಾರೂ ಕೇಳಲಿಲ್ಲ. ನಾನೂ ಒಂದನ್ನು ಅಕ್ಕನಿಗೆ ಕಳಿಸಿದ್ದೆ.

ನವೆಂಬರ್‌ನಲ್ಲಿ ಒಂದು ಮಧ್ಯಾಹ್ನ ಬೈಕಿನ ಹಿಂದೆ ರಗ್ಗು ಕಟ್ಟಿಕೊಂಡು ಇಬ್ಬರು ಹುಡುಗರು ನಮ್ಮ ಬೀದಿಗೆ ಬಂದರು. ಹಿಂದಿ ಮಾತು. ಮೀಸೆ ಸರಿಯಾಗಿ ಬಂದಿರಲಿಲ್ಲ. ಯಾರೋ ಒಬ್ಬರು ಫೋಟೋ ತೆಗೆದು ಗುಂಪಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಅರಳಿಕಟ್ಟೆ ಹತ್ತಿರ ಮೂವತ್ತು ನಲವತ್ತು ಜನ. ಬೈಕಿನ ಕೀ ಕಿತ್ತುಕೊಂಡಿದ್ದರು. ಆಧಾರ್ ತೋರಿಸುತ್ತಿದ್ದವನ ಕೈಯಿಂದ ಅದನ್ನು ಕಿತ್ತು ನೆಲಕ್ಕೆ ಎಸೆದರು. ಒಬ್ಬನ ತುಟಿ ಒಡೆದು ರಕ್ತ ಬರುತ್ತಿತ್ತು. ಹೊಡೆದವರಲ್ಲಿ ನಾನು ದಿನಾ ಮಾತಾಡಿಸುವ ಹುಡುಗರಿದ್ದರು. "ಈ ಅಕ್ಕನ ಮನೇನೂ ಇವ್ರೇ ಕದ್ದಿರದು" ಅಂತ ನನ್ನ ಕಡೆ ಕೈ ತೋರಿಸಿ ಯಾರೋ ಕೂಗಿದರು. ಆ ಕ್ಷಣ ನನ್ನ ಎದೆ ಹೊಡೆದುಕೊಂಡ ಹಾಗೆ ಕಳ್ಳತನದ ದಿನವೂ ಹೊಡೆದುಕೊಂಡಿರಲಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಜನ ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಸಾಯಿಸಿದ್ದು ಟಿವಿಯಲ್ಲಿ ನೋಡಿದ್ದು ನೆನಪಾಯಿತು.

ನಾನು ನುಗ್ಗಿ ಅಡ್ಡ ನಿಂತೆ. "ನನ್ನ ಮನೆ ಕದ್ದವರು ಯಾರು ಅಂತ ನನಗೇ ಗೊತ್ತಿಲ್ಲ, ನಿಮಗೆ ಹೆಂಗಪ್ಪ ಗೊತ್ತಾಯ್ತು?" ಅಂತ ಕಿರುಚಿದ್ದು ನೆನಪಿದೆ. ಎದುರು ಮನೆ ಅಜ್ಜಿ ಒಂದು ಚೊಂಬು ನೀರು ತಂದು ಆ ಹುಡುಗನ ಕೈಗೆ ಕೊಟ್ಟರು. ಅಷ್ಟರಲ್ಲಿ ಬೀಟ್ ಕಾನ್‌ಸ್ಟೆಬಲ್ ಬೈಕಿನಲ್ಲಿ ಬಂದರು. ಒಬ್ಬರೇ. ದನಿ ಏರಿಸಲಿಲ್ಲ. ನೆಲದ ಮೇಲಿದ್ದ ಆಧಾರ್ ಎತ್ತಿ ಧೂಳು ಒರೆಸಿ ಓದಿದರು. ಆ ಹುಡುಗರು ಬಾಡಿಗೆಗಿದ್ದ ಮನೆಯ ಮಾಲೀಕರಿಗೆ ಎಲ್ಲರ ಎದುರೇ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು. ನಾಲ್ಕು ವರ್ಷದಿಂದ ಪ್ರತಿ ಚಳಿಗಾಲ ನಮ್ಮ ಮನೆಯಲ್ಲೇ ಇರುತ್ತಾರೆ ಸಾರ್, ಯಾಕೆ ಏನಾಯ್ತು, ಅಂತ ಆ ಕಡೆಯಿಂದ ದನಿ ಬಂತು. ಜನ ಒಬ್ಬೊಬ್ಬರೇ ಕರಗಿದರು.

ಹೊರಡುವ ಮೊದಲು ಆ ಕಾನ್‌ಸ್ಟೆಬಲ್ ನನಗೆ ಹೇಳಿದರು: "ಬುಧವಾರ ಐದೂವರೆಗೆ ಬೀಟ್ ಸಭೆ ಇದೆ, ಸಮುದಾಯ ಭವನದಲ್ಲಿ. ನೀವು ಬನ್ನಿ ಮೇಡಂ. ನಿಮ್ಮಂಥವರು ಯಾರೂ ಬರೋದೇ ಇಲ್ಲ."

ಐದೂವರೆ ಅಂದರೆ ನನಗೆ ಡೇರಿಯ ಹೊತ್ತು. ಹಾಲು ಪರೀಕ್ಷಕರಿಗೆ ಪುಸ್ತಕ ಒಪ್ಪಿಸಿ ಹೋದೆ. ಎಪ್ಪತ್ತು ಕುರ್ಚಿ ಹಾಕಿದ್ದರು, ಬಂದಿದ್ದವರು ಹದಿನಾಲ್ಕು ಜನ, ಅದರಲ್ಲಿ ಹೆಂಗಸರು ಇಬ್ಬರು. ಬ್ಯಾನರ್, ಹಾರ, ಫೋಟೋ. ಅಧಿಕಾರಿ ಒಬ್ಬರು ಸೂಚನೆಗಳನ್ನು ಓದಿದರು: ಮನೆಗೆ ಬೀಗ ಹಾಕಿ ಹೋಗುವಾಗ ಠಾಣೆಗೆ ತಿಳಿಸಿ, ಬಾಡಿಗೆಗೆ ಕೊಡುವಾಗ ದಾಖಲೆ ನೋಡಿ, ಹೆಂಗಸರು ಒಡವೆ ಹಾಕಿಕೊಂಡು ಓಡಾಡುವಾಗ ಎಚ್ಚರ, ಸಿಸಿ ಕ್ಯಾಮೆರಾ ಹಾಕಿಸಿ. ಆಮೇಲೆ ಸಾರ್ವಜನಿಕರು ಮಾತಾಡಿ ಅಂದರು. ಒಬ್ಬರು ಚರಂಡಿ ಬಗ್ಗೆ ಹೇಳಿದರು, ಇನ್ನೊಬ್ಬರು ಬೀದಿನಾಯಿ ಬಗ್ಗೆ. ಖಾಲಿ ಸೈಟಿನಲ್ಲಿ ರಾತ್ರಿ ಕೂತು ಕುಡಿಯುವವರ ಬಗ್ಗೆ ಮೂರು ಜನ ಒಟ್ಟಿಗೆ ಮಾತಾಡಿದರು. ಇವೆಲ್ಲ ನಿಜವಾದ ತೊಂದರೆಗಳೇ. ಚರಂಡಿ ನಗರಸಭೆಯದು ಅಂತ ಗೊತ್ತಿದ್ದರೂ ಜನ ಇಲ್ಲಿ ಹೇಳುವುದು ಕೇಳಿಸಿಕೊಳ್ಳಲು ಬೇರೆ ಯಾರೂ ಅವರೆದುರು ಕೂರದೆ ಇರುವುದರಿಂದ.

ನಾನು ಎದ್ದು ನಿಂತೆ. ಕಾಲು ನಡುಗುತ್ತಿತ್ತು.

"ಸಾರ್, ಈ ಮೂರು ತಿಂಗಳಲ್ಲಿ ನಮ್ಮ ಬಡಾವಣೆಯಲ್ಲಿ ಎಷ್ಟು ಮನೆ ಕಳುವಾಗಿದೆ? ಯಾವ ಕ್ರಾಸಿನಲ್ಲಿ, ಎಷ್ಟು ಹೊತ್ತಿನಲ್ಲಿ?"

ಸಭೆ ಸುಮ್ಮನಾಯಿತು. "ಅದೆಲ್ಲ ತನಿಖೆಯ ವಿಚಾರ ಅಮ್ಮ, ಹಂಗೆಲ್ಲ ಹೇಳಕ್ಕಾಗಲ್ಲ. ಜನ ಗಾಬರಿ ಆಗ್ತಾರೆ" ಅಂದರು.

"ಜನ ಗಾಬರಿ ಆಗಿ ಮೊನ್ನೆ ಇಬ್ಬರು ಹುಡುಗರನ್ನು ಹೊಡೆದರಲ್ಲ ಸಾರ್. ನಿಜ ಗೊತ್ತಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ" ಅಂದೆ. ಕಳ್ಳನ ಬಗ್ಗೆ ಏನು ಗೊತ್ತಾಗಿದೆ ಅಂತ ನಾನು ಕೇಳುತ್ತಿಲ್ಲ, ನಡೆದದ್ದು ಏನು ಅಂತಷ್ಟೇ ಕೇಳುತ್ತಿದ್ದೇನೆ ಅಂದೆ. ನಮ್ಮ ಡೇರಿಯ ಲೆಕ್ಕವನ್ನೂ ಹೇಳಿದೆ. ಹಾಲಿನಲ್ಲಿ ನೀರು ಬಂತು ಅಂದರೆ ಯಾರ ಕ್ಯಾನು ಅಂತ ಊರೆಲ್ಲ ಸಾರುವುದಿಲ್ಲ, ಆದರೆ ಈ ವಾರ ಗುಣಮಟ್ಟ ಕಡಿಮೆ ಬಂದಿದೆ, ಜೋಪಾನ ಅಂತ ಬೋರ್ಡಿನ ಮೇಲೆ ಬರೆಯುತ್ತೇವೆ. ಬರೆದ ಮಾರನೇ ದಿನವೇ ವ್ಯತ್ಯಾಸ ಕಾಣುತ್ತದೆ.

ಅವತ್ತು ಉತ್ತರ ಸಿಗಲಿಲ್ಲ. ಸಭೆ ಮುಗಿದು ಟೀ ಕುಡಿಯುವಾಗ ಬೀಟ್ ಕಾನ್‌ಸ್ಟೆಬಲ್ ಹತ್ತಿರ ಬಂದರು. ಅರಳಿಕಟ್ಟೆಗೆ ಕರಕೊಂಡು ಹೋಗಿ ಆ ತಗಡಿನ ಡಬ್ಬದ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಒಂದು ನೋಟ್‌ಬುಕ್, ಮಳೆ ನೀರು ಕುಡಿದು ಅಂಚು ಉಬ್ಬಿತ್ತು. ದಾರದಲ್ಲಿ ಕಟ್ಟಿದ ಒಂದು ಮೋಟು ಪೆನ್ಸಿಲ್. ಸಾಲು ಸಾಲಾಗಿ ತಾರೀಕು, ಹೊತ್ತು, ಸಹಿ: 12.20, 2.40, 4.05. ರಾತ್ರಿ ಗಸ್ತಿನವರು ಬಂದು ಹೋದ ಗುರುತು. ಅಕ್ಟೋಬರ್ 2ರ ಪುಟ ತೆಗೆಯಿರಿ ಅಂದೆ. ಅವತ್ತು ಒಂದೇ ಸಹಿ ಇತ್ತು, 12.50ರದು. ಅವರು ತಲೆ ತಗ್ಗಿಸಿ, "ದಸರಾ ಬಂದೋಬಸ್ತು ಮೇಡಂ. ಮರುದಿನದಿಂದ ಡ್ಯೂಟಿ ಅಂತ ಠಾಣೆಯ ಅರ್ಧ ಜನರನ್ನು ಮೈಸೂರಿಗೆ ಕಳಿಸಿದ್ದರು" ಅಂದರು.

ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಆ ಮನುಷ್ಯ ಪುಟ ಮುಚ್ಚಿಡಬಹುದಿತ್ತು, ತೋರಿಸಿದರು. ಮಂಡ್ಯದ ಪೊಲೀಸರ ಪಾಡು ಊರಿನಲ್ಲಿ ಬದುಕುವ ನಮಗೆ ಗೊತ್ತಿಲ್ಲದ್ದಲ್ಲ. ಕಾವೇರಿ ನೀರು ಬಿಡುವ ಆದೇಶ ಬಂತೆಂದರೆ ಹೆದ್ದಾರಿಯಲ್ಲಿ ಧರಣಿ, 2023ರ ಸೆಪ್ಟೆಂಬರ್‌ನಲ್ಲಿ ಬಂದ್ ಮೇಲೆ ಬಂದ್. ನಮ್ಮ ಮನೆ ಕಳುವಾದ ವರ್ಷ ಸೆಪ್ಟೆಂಬರ್‌ನಲ್ಲಿ ನಾಗಮಂಗಲದ ಗಣೇಶ ಮೆರವಣಿಗೆಯಲ್ಲಿ ಗಲಭೆ ಆಗಿ ಎಷ್ಟೋ ದಿನ ಪೊಲೀಸರು ಅಲ್ಲೇ ಬೀಡುಬಿಟ್ಟಿದ್ದರು. ಬೀದಿ ಗಸ್ತು ಮಾಡುವವರನ್ನೇ ಎತ್ತಿಕೊಂಡು ಹೋಗುವುದು. ಅದಕ್ಕೇ ಅವತ್ತು ನಮಗೆ ಹೇಳಿ ಹೋಗಬೇಕು ಅನ್ನುವುದು ನನ್ನ ವಾದ. ಇವತ್ತು ರಾತ್ರಿ ಜನ ಕಡಿಮೆ ಇದ್ದಾರೆ ಅಂತ ಮೊದಲೇ ಗೊತ್ತಾದರೆ ನಾವು ನಾಲ್ಕು ಮನೆಯವರು ಸರದಿಯಲ್ಲಿ ಹೊರಗಿನ ಲೈಟು ಹಾಕಿ ಎದ್ದಿರುತ್ತೇವೆ. ಕಾನ್‌ಸ್ಟೆಬಲ್ ನಕ್ಕು, "ಅದನ್ನ ಕಳ್ಳನೂ ಕೇಳಿಸ್ಕೋತಾನೆ ಮೇಡಂ" ಅಂದರು. ಅದೂ ಸರಿಯೇ. ಎಲ್ಲವನ್ನೂ ಹೇಳಲಾಗದು, ಯಾವುದನ್ನು ಹೇಳಬಹುದು ಅನ್ನುವುದನ್ನು ಕೂತು ಗೊತ್ತುಮಾಡಬೇಕು ಅಂತ ಅವತ್ತೇ ಅನ್ನಿಸಿತು.

ಬೀಟ್ ಅಂದರೆ ಏನು ಅಂತ ಅವರೇ ವಿವರಿಸಿದರು. 2017ರಲ್ಲಿ ಕರ್ನಾಟಕ ಪೊಲೀಸ್ ಸುಧಾರಿತ ಗಸ್ತು ವ್ಯವಸ್ಥೆ ಅಂತ ತಂದರು. ಠಾಣೆಯ ವ್ಯಾಪ್ತಿಯನ್ನು ಹಂಚಿ ಒಬ್ಬೊಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್‌ಗೆ ಒಂದೊಂದು ಬೀಟ್ ವಹಿಸಿದರು. ಪ್ರತಿ ಬೀಟಿಗೂ ಅಲ್ಲಿನ ನಿವಾಸಿಗಳನ್ನೇ ಸದಸ್ಯರಾಗಿ ಬರೆದುಕೊಂಡು ಕಾಲಕಾಲಕ್ಕೆ ಸಭೆ ಕರೆಯಬೇಕು. ನಮ್ಮ ಬೀಟಿನ ಸದಸ್ಯರ ಪಟ್ಟಿ ನೋಡಿದೆ. ಇಬ್ಬರು ತೀರಿಕೊಂಡಿದ್ದರು, ಮೂವರು ಮನೆ ಬದಲಾಯಿಸಿದ್ದರು, ಹೆಂಗಸರ ಹೆಸರೇ ಇರಲಿಲ್ಲ. ಅಲ್ಲೇ ನನ್ನ ಹೆಸರು ಬರೆಸಿದೆ. ಅಂಗನವಾಡಿ ಟೀಚರ್, ಹೂವಿನ ಅಂಗಡಿ ಅಕ್ಕ, ಮೂಲೆ ಮನೆ ಮೇಷ್ಟ್ರು, ರಾತ್ರಿಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಬರುವ ಗಾರ್ಮೆಂಟ್ಸ್ ಬಸ್ಸಿನ ಡ್ರೈವರ್, ಇವರನ್ನೂ ಸೇರಿಸಿ ಅಂದೆ. ಬೆಳಗಿನ ನಾಲ್ಕು ಗಂಟೆಯ ಬೀದಿ ಆ ಡ್ರೈವರ್‌ಗೆ ಗೊತ್ತಿರುವಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಡಿಸೆಂಬರ್ ಸಭೆಗೆ ಭಾವನ ಮಗನ ಹತ್ತಿರ ಕೇಳಿ ತಯಾರಾಗಿ ಹೋದೆ. ಸುಪ್ರೀಂ ಕೋರ್ಟ್ 2016ರಲ್ಲೇ ಒಂದು ಆದೇಶ ಕೊಟ್ಟಿದೆಯಂತೆ: ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು. ಅಂದರೆ ನಾನು ಕೇಳುತ್ತಿರುವುದರಲ್ಲಿ ಗುಟ್ಟಿನದೇನೂ ಇಲ್ಲ. ಆದರೆ ಹೂವಿನ ಅಂಗಡಿ ಅಕ್ಕ ವೆಬ್‌ಸೈಟು ಹುಡುಕುವುದುಂಟೇ? ಅವರ ಕಣ್ಣಿಗೆ ಬೀಳುವ ಗೋಡೆಯ ಮೇಲೆ, ಅವರು ಓದುವ ಕನ್ನಡದಲ್ಲಿ ಇರಬೇಕು. ಆ ಸಲ ಬಂದಿದ್ದ ಇನ್‌ಸ್ಪೆಕ್ಟರ್ ಹೊಸಬರು. ಪೂರ್ತಿ ಕೇಳಿಸಿಕೊಂಡರು. ಒಂದು ಹಾಳೆ ತೆಗೆದುಕೊಂಡು ಏನೇನು ಬರೆಯಬಹುದು, ಏನು ಬೇಡ ಅಂತ ನಮ್ಮ ಜೊತೆಗೇ ಗೆರೆ ಎಳೆದರು. ಕಳುವಾದವರ ಹೆಸರು, ಮನೆ ನಂಬರು ಬೇಡ, ಕ್ರಾಸು ಸಾಕು. ಯಾವ ಹೊತ್ತಿನಿಂದ ಯಾವ ಹೊತ್ತಿನೊಳಗೆ, ಹೇಗೆ ಒಳಗೆ ಬಂದರು ಅನ್ನುವುದು ಇರಲಿ. ಅನುಮಾನ ಯಾರ ಮೇಲೆ ಅನ್ನುವುದು ಒಂದಕ್ಷರವೂ ಬೇಡ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಮಕ್ಕಳ ಪ್ರಕರಣ, ಮನೆಯೊಳಗಿನ ಜಗಳ ಯಾವುದೂ ಈ ಹಾಳೆಗೆ ಬರಕೂಡದು, ಸಣ್ಣ ಬಡಾವಣೆಯಲ್ಲಿ ಕ್ರಾಸು ಹೇಳಿದರೆ ಮನೆ ಹೇಳಿದಂತೆ ಅಂದರು. ಈ ಮಾತು ನನಗೆ ಹೊಳೆದಿರಲಿಲ್ಲ. ಸಭೆಯನ್ನು ಎರಡನೇ ಭಾನುವಾರ ಹನ್ನೊಂದು ಗಂಟೆಗೆ ಬದಲಾಯಿಸಿಕೊಟ್ಟಿದ್ದೂ ಅವರೇ.

ಮೊದಲ ಹಾಳೆ ಅಂಟಿಸಿದ್ದು 2025ರ ಜನವರಿ 12ರಂದು, ಸಂಕ್ರಾಂತಿಗೆ ಎರಡು ದಿನ ಮುಂಚೆ, ನಂದಿನಿ ಹಾಲಿನ ಬೂತಿನ ಗೋಡೆಗೆ. ಬರೆದದ್ದು ಕಾನ್‌ಸ್ಟೆಬಲ್, ಅಕ್ಷರ ದುಂಡಗಾಗಿತ್ತು. ಅದರಲ್ಲಿ ಹಿಂದಿನ ನಾಲ್ಕು ತಿಂಗಳದ್ದನ್ನೂ ಸೇರಿಸಿದ್ದರು. "5ನೇ ಕ್ರಾಸ್, ಬೀಗ ಹಾಕಿದ ಮನೆ, ರಾತ್ರಿ 1ರಿಂದ 5ರ ನಡುವೆ, ಮುಂಬಾಗಿಲ ಕೊಂಡಿ ಮೀಟಿ" ಅನ್ನುವ ಸಾಲು ನಮ್ಮದು. ಮೂರೂ ಮನೆಗಳ ಸಾಲು ಒಂದರ ಕೆಳಗೊಂದು ಓದಿದ ಹಾಲಿನವನು ಬೂತಿನಲ್ಲೇ ಹೇಳಿದ: "ಅಕ್ಕ, ಮೂರೂ ಹಬ್ಬದ ಆಸುಪಾಸು. ಮೂರೂ ಹೊರಗಡೆ ಬೀಗ ಕಾಣ್ತಿದ್ದ ಮನೆ." ಠಾಣೆಯವರಿಗೆ ಅದು ಮೊದಲೇ ಗೊತ್ತಿದ್ದಿರಬಹುದು. ನಮ್ಮ ಬೀದಿಗೆ ಗೊತ್ತಾಗಿದ್ದು ಅವತ್ತು. ಸಂಕ್ರಾಂತಿಗೆ ಊರಿಗೆ ಹೊರಟಿದ್ದ ಹನ್ನೊಂದು ಮನೆಯವರು ಠಾಣೆಯ ಬೀಗ ಹಾಕಿದ ಮನೆಗಳ ಪುಸ್ತಕದಲ್ಲಿ ಹೆಸರು ಬರೆಸಿದರು. ಅಲ್ಲಿಯವರೆಗೆ ನಮ್ಮ ಬೀಟಿನಿಂದ ಒಬ್ಬರೂ ಬರೆಸಿರಲಿಲ್ಲವಂತೆ.

ವಿರೋಧವೂ ಬಂತು. ಸೈಟು ವ್ಯಾಪಾರ ಮಾಡುವ ಒಬ್ಬರು, "ಹಿಂಗೆಲ್ಲ ಗೋಡೆಗೆ ಅಂಟ್ಸಿದ್ರೆ ಈ ಏರಿಯಾದಲ್ಲಿ ಯಾರು ಸೈಟ್ ತಗೋತಾರೆ?" ಅಂತ ಜಗಳಕ್ಕೆ ಬಂದರು. ಎರಡು ಸಲ ಯಾರೋ ಹಾಳೆ ಹರಿದು ಹಾಕಿದರು. ಬೂತಿನವನು ಅದನ್ನು ಗಾಜಿನ ಒಳಗಡೆಯಿಂದ ಅಂಟಿಸಿದ. ನಾನು ಆ ವ್ಯಾಪಾರಿಯ ಮನೆಗೇ ಹೋಗಿ ಮಾತಾಡಿದೆ. ಅವರ ತಾಯಿ ಒಳಗಿಂದ, "ಅವ್ಳು ಯೋಳದು ಸರಿ ಕನಾ, ಸುಮ್ಕಿರು" ಅಂದ ಮೇಲೆ ಮಾತು ಅಲ್ಲಿಗೆ ನಿಂತಿತು.

ಏಪ್ರಿಲ್ ಸಭೆಯ ವಿಷಯ ಹೇಳಲೇಬೇಕು. ಅವತ್ತು ಸೈಬರ್ ಅಪರಾಧದ ಬಗ್ಗೆ ಮಾತಾಡಲು ಸಿಇಎನ್ ಠಾಣೆಯಿಂದ, ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆಯಿಂದ, ಒಬ್ಬರು ಬಂದಿದ್ದರು. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ, ವಿಡಿಯೊ ಕಾಲ್‌ನಲ್ಲಿ ಯಾವ ಪೊಲೀಸೂ ಯಾರನ್ನೂ ಬಂಧಿಸುವುದಿಲ್ಲ ಅಂದರು. ಜನ ಕೇಳಿದ್ದನ್ನೇ ಕೇಳುವವರ ಹಾಗೆ ಕೂತಿದ್ದರು. ಆಗ ಮೂಲೆ ಮನೆ ಮೇಷ್ಟ್ರು ಎದ್ದರು. ನಮ್ಮ ಬಡಾವಣೆಯ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದವರು. "ನನಗೆ ಆಗಿದೆ" ಅಂದರು.

ಸಭೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಅವರ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಅಂತ ಫೋನ್ ಬಂದಿತ್ತು. ಎರಡು ದಿನ ಅವರನ್ನು ಕ್ಯಾಮೆರಾ ಮುಂದೆ ಕೂರಿಸಿದ್ದರು. ಊಟಕ್ಕೆ ಏಳಲೂ ಅಪ್ಪಣೆ ಕೇಳಬೇಕಿತ್ತು. ಹೆಂಡತಿ ಪಕ್ಕದ ಕೋಣೆಯಲ್ಲಿದ್ದರೂ ಅವರಿಗೆ ಹೇಳಿರಲಿಲ್ಲ. ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ದೊಡ್ಡ ಪಾಲು ಹೋಯಿತು. ಮೂರನೇ ದಿನ ಮಗ ಬಂದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದ್ದಕ್ಕೆ ಸ್ವಲ್ಪ ಭಾಗ ಬ್ಯಾಂಕಿನಲ್ಲಿ ತಡೆಹಿಡಿದಿದ್ದಾರೆ. "ಎಂಟು ತಿಂಗಳಿಂದ ನಿಮ್ಮೆಲ್ಲರ ಮುಂದೆ ಓಡಾಡ್ತಿದ್ದೀನಿ, ಹೇಳೋಕೆ ನಾಚಿಕೆ ಆಗಿತ್ತು. ಈ ಹಾಳೆಯಲ್ಲಿ ಬೀಗ ಒಡೆದದ್ದು ಬರೀತೀರಿ, ನನ್ನದೂ ಬರೀರಿ. ಹೆಸರಿಲ್ಲದೆ ಬರೀರಿ." ಹೇಳಿ ಕೂತು ಕನ್ನಡಕ ತೆಗೆದು ಒರೆಸಿಕೊಂಡರು.

ಬಂದಿದ್ದ ಅಧಿಕಾರಿ ಅವರ ಪಕ್ಕ ಹೋಗಿ ಕುಳಿತು, ಉಳಿದವರಿಗೆ ಅವರ ಅನುಭವವನ್ನೇ ಹಿಡಿದು ವಿವರಿಸಿದರು. ದುಡ್ಡು ಹೋದ ಕೂಡಲೇ 1930ಕ್ಕೆ ತಿಳಿಸಿದರೆ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯುವ ಅವಕಾಶ ಹೆಚ್ಚು, ಒಂದೊಂದು ಗಂಟೆಯೂ ಲೆಕ್ಕ ಅಂದರು. ಅವತ್ತು ಸಭೆ ಮುಗಿದ ಮೇಲೆ ಇನ್ನಿಬ್ಬರು ಆ ಅಧಿಕಾರಿಯನ್ನು ಹೊರಗೆ ಕರೆದು ಮೆಲ್ಲಗೆ ಮಾತಾಡಿದ್ದನ್ನು ನೋಡಿದೆ. ಮುಂದಿನ ಹಾಳೆಯಲ್ಲಿ ಮೊದಲ ಸಲ ಸೈಬರ್ ಅಂತ ಒಂದು ಸಾಲು ಬಂತು.

ನಮ್ಮ ಕೇಸಿನ ವಿಷಯ. ದೂರು ಕೊಟ್ಟವರಿಗೆ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರೇ ತಿಳಿಸಬೇಕು ಅಂತ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ತಾವಾಗಿ ತಿಳಿಸಲಿಲ್ಲ. ಡಿಸೆಂಬರ್ ಕೊನೆಯಲ್ಲಿ ನಾನೇ ಹೋಗಿ ಕೇಳಿದಾಗ ಬರವಣಿಗೆಯಲ್ಲಿ ಕೊಟ್ಟರು. ಶಿವರಾತ್ರಿ ಕಳೆದ ಮೇಲೆ ಬೇರೆ ಜಿಲ್ಲೆಯಲ್ಲಿ ಸಿಕ್ಕಿಬಿದ್ದ ಇಬ್ಬರು ನಮ್ಮ ಬಡಾವಣೆಯ ಕಳ್ಳತನಗಳನ್ನೂ ಒಪ್ಪಿಕೊಂಡರು. ಇಬ್ಬರೂ ಕನ್ನಡದವರೇ, ಬೆಂಗಳೂರಿನಲ್ಲಿ ಬಾಡಿಗೆಗಿದ್ದವರು. ಗಿರವಿ ಅಂಗಡಿಯಿಂದ ಜುಮುಕಿ ಸಿಕ್ಕಿತು, ಸರ ಕರಗಿಹೋಗಿತ್ತು. ಅತ್ತೆಯವರು ಠಾಣೆಯಲ್ಲಿ ಜುಮುಕಿಯನ್ನು ಅಂಗೈ ಮೇಲಿಟ್ಟು, ಹಿಂದುಗಡೆಯ ತಿರುಪು ಒಂದು ಸಲ ಮುರಿದು ಬೆಸೆಸಿದ ಗುರುತು ತೋರಿಸಿ, "ಇದೇ ಕಣಪ್ಪ" ಅಂದರು. ಕೋರ್ಟಿನಲ್ಲಿ ಅರ್ಜಿ ಹಾಕಿ, ಫೋಟೋ ತೆಗೆಸಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು.

2025ರ ಜುಲೈನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಅವರು ಮನೆ ಮನೆಗೆ ಪೊಲೀಸ್ ಅನ್ನುವ ಯೋಜನೆಗೆ ಚಾಲನೆ ಕೊಟ್ಟರು. ಬೀಟಿನವರೇ ಮನೆಗಳಿಗೆ ಬಂದು ಮಾತಾಡಿಸಿ, ತೊಂದರೆ ಕೇಳಿ ಬರೆದುಕೊಂಡು ಹೋಗುವುದು. ನಮ್ಮ ಬೀದಿಗೂ ಬಂದರು, ಆದರೆ ಬಂದವರು ಬೇರೆ ಹುಡುಗ. ಹಳೆಯ ಕಾನ್‌ಸ್ಟೆಬಲ್‌ಗೆ ವರ್ಗ ಆಗಿತ್ತು. ಎಲ್ಲ ಮತ್ತೆ ಮೊದಲಿಂದ ಆಗಬೇಕೇನೋ ಅಂತ ಹೆದರಿದ್ದೆ. ಅವರು ಹೋಗುವ ಮೊದಲು ಹಾಳೆಗಳನ್ನೆಲ್ಲ ಒಂದು ಫೈಲಿಗೆ ಸೇರಿಸಿ, ಮೇಲೆ ಸದಸ್ಯರ ಹೊಸ ಪಟ್ಟಿ ಇಟ್ಟು ಕೈಗೆ ಒಪ್ಪಿಸಿ ಹೋಗಿದ್ದರು. ಹೊಸ ಹುಡುಗ ಅದನ್ನು ಓದಿಕೊಂಡೇ ನಮ್ಮ ಮನೆಗೆ ಬಂದಿದ್ದ. "5ನೇ ಕ್ರಾಸ್ ನೀವೇ ಅಲ್ವಾ ಮೇಡಂ?" ಅಂದ.

ಸೆಪ್ಟೆಂಬರ್ 21ಕ್ಕೆ ಮತ್ತೆ ಮಹಾಲಯ ಅಮಾವಾಸ್ಯೆ ಬಂತು. ಠಾಣೆಯಲ್ಲಿ ಹೆಸರು ಬರೆಸಿ, ಹೊರಗಿನ ಬೀಗ ಕಾಣದ ಹಾಗೆ ಒಳಚಿಲಕ ಹಾಕಿ ಹಿತ್ತಲ ಕಡೆಯಿಂದ ಹೊರಟು, ಕೀಲಿಯನ್ನು ಎದುರು ಮನೆ ಅಜ್ಜಿಗೆ ಕೊಟ್ಟು ಊರಿಗೆ ಹೋದೆವು. ಬಂದವಳು ಮನೆಗೂ ಹೋಗದೆ ಮೊದಲು ತಗಡಿನ ಡಬ್ಬ ತೆಗೆದು ನೋಡಿದೆ. 12.15, 1.50, 4.10. ಕೊನೆಯ ಸಹಿಯ ಪಕ್ಕದಲ್ಲಿ ಸಣ್ಣಗೆ "5ನೇ ಕ್ರಾಸ್ ನೋಡಿದೆ" ಅಂತ ಪೆನ್ಸಿಲ್ಲಿನಲ್ಲಿ ಬರೆದಿತ್ತು.

ಅಕ್ಟೋಬರ್ ಸಭೆಗೆ ಮೂವತ್ತೊಂದು ಜನ ಬಂದಿದ್ದರು, ಹೆಂಗಸರೇ ಹದಿನಾರು. ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: "2ನೇ ಕ್ರಾಸ್, ಸೈಕಲ್ 1, ಸಂಜೆ 5ರಿಂದ 6ರ ನಡುವೆ, ಟ್ಯೂಷನ್ ಮನೆ ಮುಂದಿನಿಂದ." ಓದಿ ಮುಗಿಸುತ್ತಿದ್ದ ಹಾಗೇ ಹಿಂದಿನ ಸಾಲಿನಿಂದ ಏಳನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. ಅಮ್ಮ ಅವನ ಅಂಗಿ ಹಿಡಿದು ಕೂರು ಕೂರು ಅಂತ ಸನ್ನೆ ಮಾಡುತ್ತಿದ್ದರು.

"ಸಾರ್, ಆ ಸೈಕಲ್ ನಂದು. ಹ್ಯಾಂಡಲ್‌ಗೆ ಹಸಿರು ಟೇಪ್ ಸುತ್ತಿದೆ. ಅದನ್ನೂ ಬರ್ಕೊಳಿ."

ಕಾನ್‌ಸ್ಟೆಬಲ್ ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಬರೆದುಕೊಂಡರು. ಯಾವ ಹಸಿರು, ಎಳೆ ಹಸಿರಾ ಗಿಳಿ ಹಸಿರಾ ಅಂತ ಕೇಳಿದರು. ಹುಡುಗ ಒಂದು ಕ್ಷಣ ಯೋಚನೆ ಮಾಡಿ, ಕಬ್ಬಿನ ಗರಿ ಹಸಿರು ಅಂದ.